ಬಂದರಿನ ಕೆಸರು ನುಡಿದ ಸಾಕ್ಷಿ

ಜಪಾನಿನ ದಕ್ಷಿಣಕ್ಕಿರುವ ದೊಡ್ಡ ದ್ವೀಪ ಕ್ಯೂಶೂ. ಅದರ ಪಶ್ಚಿಮ ಕರಾವಳಿಯಲ್ಲಿ ಮಿನಮಾಟಾ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ ಕಡಲಿಗೆ ತಾಗಿಕೊಂಡು 58 ಹೆಕ್ಟೇರುಗಳ ವಿಶಾಲ ಬಯಲು. ಹುಲ್ಲುಹಾಸು, ಮರಗಳು, ಆಟದ ಮೈದಾನ, ನಡುನಡುವೆ ಊರವರೇ ಕೆತ್ತಿ ನಿಲ್ಲಿಸಿದ ಪುಟ್ಟ ಕಲ್ಲಿನ ವಿಗ್ರಹಗಳು. ರಜಾದಿನಗಳಲ್ಲಿ ಮಕ್ಕಳು ಇಲ್ಲಿ ಆಡುತ್ತಾರೆ, ವಯಸ್ಸಾದವರು ಗಾಳಿ ಸೇವನೆಗೆ ಬರುತ್ತಾರೆ. ಈ ಬಯಲು ಒಂದು ಕಾಲಕ್ಕೆ ಕಡಲಾಗಿತ್ತು ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಹುಲ್ಲಿನ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಕಪ್ಪು ಕೆಸರು, ಆ ಕೆಸರಿನಲ್ಲಿ ಪಾದರಸ.

ಬಂದರಿನ ತಳದಿಂದ ಎತ್ತಿದ ಮತ್ತು ಅಲ್ಲೇ ಮುಚ್ಚಿದ ಆ ಕೆಸರು ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ದುರಂತದ ದಾಖಲೆ. ಮಿನಮಾಟಾದ ಕಥೆಯನ್ನು ಸಾಮಾನ್ಯವಾಗಿ ಕಾರ್ಖಾನೆ ಮತ್ತು ಮೀನುಗಾರರ ಕಥೆಯಾಗಿ ಹೇಳುತ್ತಾರೆ. ಅದರಲ್ಲಿ ಮೂರನೆಯ ಪಾತ್ರವೊಂದಿದೆ. ಅದು ಕೆಸರಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಕಡಲಿಗೆ ಸುರಿದ ಪಾದರಸವನ್ನು ನಿಜವಾದ ವಿಷವಾಗಿ ಮಾಡಿದ್ದು ಯಾರು, ಕಾರ್ಖಾನೆಯೋ ಅಥವಾ ಕೆಸರಿನೊಳಗಿನ ಈ ಜೀವಿಗಳೋ? ಕೇಳಲು ಇದು ರಸಾಯನಶಾಸ್ತ್ರದ ಒಣ ಪ್ರಶ್ನೆ. ಆದರೆ ಸಾವಿರಾರು ಜನರಿಗೆ ನ್ಯಾಯ ಸಿಗುವುದು ಬಿಡುವುದು ಬಹುಮಟ್ಟಿಗೆ ಇದರ ಉತ್ತರವನ್ನೇ ಅವಲಂಬಿಸಿತ್ತು.

ಬೆಕ್ಕುಗಳು ಕುಣಿದ ಊರು

ಮಿನಮಾಟಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ರಾಸಾಯನಿಕ ಗೊಬ್ಬರ ತಯಾರಿಸಲು ಹುಟ್ಟಿದ ಈ ಕಂಪನಿ ಮುಂದೆ ಚಿಸ್ಸೊ ಎಂದೇ ಹೆಸರಾಯಿತು. ಜಪಾನಿ ಭಾಷೆಯಲ್ಲಿ ಚಿಸ್ಸೊ ಎಂದರೆ ಸಾರಜನಕ. ಬಡ ಬೆಸ್ತರ, ಉಪ್ಪು ಬೆಳೆಯುವವರ ಊರಿಗೆ ಕಾರ್ಖಾನೆ ಕೆಲಸ ಕೊಟ್ಟಿತು, ರಸ್ತೆ ಬೆಳಕು ತಂದಿತು. ಊರು ಕಂಪನಿಯ ಊರಾಯಿತು.

1932ರಲ್ಲಿ ಇಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ತಯಾರಿಕೆ ಆರಂಭವಾಯಿತು. ಅಸಿಟಿಕ್ ಆಮ್ಲಕ್ಕೆ, ಮುಂದೆ ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಕಚ್ಚಾವಸ್ತುಗಳಿಗೆ ಇದೇ ಮೂಲ. ಇದನ್ನು ತಯಾರಿಸಲು ಪಾದರಸದ ಸಲ್ಫೇಟನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ಕೆಲಸ ಮುಗಿದ ನೀರು ಕಾಲುವೆಯ ಮೂಲಕ ಹ್ಯಾಕೆನ್ ಬಂದರಿಗೆ, ಅಲ್ಲಿಂದ ಮಿನಮಾಟಾ ಕೊಲ್ಲಿಗೆ ಹೋಗುತ್ತಿತ್ತು. ಕಡಲಿಗೆ ಸೇರಿದ್ದು ಕಡಲಲ್ಲಿ ಕರಗಿಹೋಗುತ್ತದೆ ಎಂಬುದು ಆ ಕಾಲದ ಎಲ್ಲ ದೇಶಗಳ ಉದ್ಯಮಗಳ ನಂಬಿಕೆಯಾಗಿತ್ತು.

1950ರ ದಶಕದಲ್ಲಿ ಕೊಲ್ಲಿಯಲ್ಲಿ ವಿಚಿತ್ರ ಘಟನೆಗಳು ಕಾಣಿಸಿಕೊಂಡವು. ಮೀನುಗಳು ಸತ್ತು ತೇಲಿದವು. ಹಾರುತ್ತಿದ್ದ ಕಾಗೆಗಳು ಬಿದ್ದವು. ಮೀನು ತಿನ್ನುತ್ತಿದ್ದ ಬೆಕ್ಕುಗಳು ಸೆಟೆದು, ಗಿರಗಿರನೆ ಸುತ್ತಿ, ನೀರಿಗೆ ಬಿದ್ದು ಸತ್ತವು. ಜನ ಇದನ್ನು ಬೆಕ್ಕಿನ ಕುಣಿತದ ರೋಗ ಎಂದರು. 1956ರ ಏಪ್ರಿಲ್‌ನಲ್ಲಿ ಆರು ವರ್ಷ ತುಂಬದ ಹೆಣ್ಣು ಮಗುವೊಂದನ್ನು ಕಾರ್ಖಾನೆಯ ಆಸ್ಪತ್ರೆಗೆ ತಂದರು. ಮಗುವಿಗೆ ನಡೆಯಲು, ಮಾತನಾಡಲು ಆಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅದರ ತಂಗಿಗೂ ಅದೇ ಗತಿ. ಆಸ್ಪತ್ರೆಯ ಮುಖ್ಯ ವೈದ್ಯ ಹಜಿಮೆ ಹೊಸೊಕಾವಾ ಅವರು ಮೇ 1ರಂದು, ನರಮಂಡಲದ ಗೊತ್ತಿಲ್ಲದ ಕಾಯಿಲೆಯೊಂದು ಹಬ್ಬುತ್ತಿದೆ ಎಂದು ಆರೋಗ್ಯ ಕಚೇರಿಗೆ ವರದಿ ಮಾಡಿದರು. ಮಿನಮಾಟಾ ರೋಗ ಅಧಿಕೃತವಾಗಿ ಪತ್ತೆಯಾದ ದಿನ ಅದು.

ಮೊದಲಿಗೆ ಇದು ಅಂಟುರೋಗವೆಂದು ಭಾವಿಸಿದರು. ರೋಗಿಗಳಿದ್ದ ಮನೆಗಳಿಗೆ ಔಷಧಿ ಸಿಂಪಡಿಸಿದರು, ನೆರೆಹೊರೆಯವರು ದೂರವಾದರು, ಅಂಗಡಿಯವರು ಅವರ ಕೈಯ ದುಡ್ಡು ಮುಟ್ಟಲು ಹಿಂಜರಿದರು. ದಿನವೂ ಕೊಲ್ಲಿಯ ಮೀನನ್ನೇ ಉಂಡು ಬದುಕಿದ ಬೆಸ್ತರ ಕೇರಿಗಳಲ್ಲೇ ರೋಗ ಹೆಚ್ಚಿತ್ತು.

ಪಾದರಸದ ಎರಡು ವೇಷ

ಕುಮಾಮೊಟೊ ವಿಶ್ವವಿದ್ಯಾನಿಲಯದ ವೈದ್ಯರ ತಂಡ ಮೂರು ವರ್ಷ ಹುಡುಕಾಡಿ 1959ರ ಜುಲೈನಲ್ಲಿ ಪಾದರಸದತ್ತ ಬೆರಳು ತೋರಿಸಿತು. ಕಾಲುವೆಯ ಬಾಯಿಯ ಕೆಸರನ್ನು ಅಳೆದಾಗ ಟನ್ನಿಗೆ ಸುಮಾರು 2 ಕಿಲೋ ಪಾದರಸ ಸಿಕ್ಕಿತು. ಗಣಿಯ ಅದಿರಿಗೆ ಹೋಲಿಸಬಹುದಾದ ಪ್ರಮಾಣ ಅದು. ಅಲ್ಲಿಂದ ದೂರ ಹೋದಂತೆಲ್ಲ ಪ್ರಮಾಣ ಕಡಿಮೆಯಾಗುತ್ತಿತ್ತು. ಮೂಲ ಯಾವುದೆಂದು ಕೆಸರೇ ನಕ್ಷೆ ಬರೆದು ತೋರಿಸಿದಂತಿತ್ತು.

ಆದರೆ ಒಂದು ತೊಡಕಿತ್ತು. ಪಾದರಸಕ್ಕೆ ಹಲವು ರೂಪಗಳಿವೆ. ಥರ್ಮಾಮೀಟರಿನಲ್ಲಿ ಹೊಳೆಯುವ ದ್ರವ ಒಂದು ರೂಪ. ಗಂಧಕ, ಕ್ಲೋರಿನ್ ಮುಂತಾದವುಗಳೊಡನೆ ಕೂಡಿದ ಲವಣಗಳು ಮತ್ತೊಂದು. ಇವನ್ನು ಅಜೈವಿಕ ಪಾದರಸ ಎನ್ನುತ್ತಾರೆ. ಇವೂ ವಿಷವೇ, ಆದರೆ ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚಿನದು ಹೊರಬೀಳುತ್ತದೆ. ಪಾದರಸದ ಪರಮಾಣುವಿಗೆ ಒಂದು ಇಂಗಾಲ ಮತ್ತು ಮೂರು ಜಲಜನಕ ಪರಮಾಣುಗಳ ಪುಟ್ಟ ಗುಂಪು ಅಂಟಿಕೊಂಡರೆ ಅದು ಮೀಥೈಲ್ ಪಾದರಸವಾಗುತ್ತದೆ. ಇದರ ಸ್ವಭಾವವೇ ಬೇರೆ. ಕರುಳಿನಿಂದ ರಕ್ತಕ್ಕೆ ಸಲೀಸಾಗಿ ಹೋಗುತ್ತದೆ, ರಕ್ತದಿಂದ ಮೆದುಳಿಗೆ ಹೋಗುತ್ತದೆ, ಗರ್ಭಿಣಿಯ ಮಾಸು ದಾಟಿ ಮಗುವನ್ನೂ ಸೇರುತ್ತದೆ. ದೇಹದಿಂದ ಬೇಗ ಹೊರಹೋಗುವುದಿಲ್ಲ. ಸಣ್ಣ ಜೀವಿಗಳನ್ನು ತಿಂದ ಮೀನಿನಲ್ಲಿ ಅದು ಕೂಡಿಕೊಳ್ಳುತ್ತದೆ, ಆ ಮೀನನ್ನು ತಿಂದ ದೊಡ್ಡ ಮೀನಿನಲ್ಲಿ ಇನ್ನಷ್ಟು, ಅದನ್ನು ತಿಂದ ಬೆಕ್ಕು ಮತ್ತು ಮನುಷ್ಯರಲ್ಲಿ ಮತ್ತಷ್ಟು.

ರೋಗಿಗಳ ಲಕ್ಷಣಗಳು ಹೊಂದುತ್ತಿದ್ದುದು ಈ ಸಾವಯವ ಪಾದರಸದ ವಿಷಕ್ಕೆ. ಕಂಪನಿ ತನ್ನ ಸಮರ್ಥನೆಗೆ ಹಿಡಿದದ್ದೂ ಇದನ್ನೇ. ನಾವು ಬಳಸುವುದು ಅಜೈವಿಕ ಪಾದರಸ, ರೋಗ ತಂದದ್ದು ಸಾವಯವ ಪಾದರಸ ಎನ್ನುತ್ತೀರಿ, ಒಂದು ಮತ್ತೊಂದಾದದ್ದು ಹೇಗೆಂದು ತೋರಿಸಿ ಎಂಬುದು ಅದರ ವಾದದ ತಿರುಳು. ಯುದ್ಧಕಾಲದಲ್ಲಿ ಕಡಲಿಗೆ ಎಸೆದ ಸಿಡಿಮದ್ದು ಕಾರಣವೆಂದು ಕೆಲವರು, ಕೊಳೆತ ಮೀನಿನಲ್ಲಿ ಹುಟ್ಟುವ ಅಮೈನುಗಳು ಕಾರಣವೆಂದು ಮತ್ತೆ ಕೆಲವರು ವಾದಿಸಿದರು. 1959ರ ನವೆಂಬರ್‌ನಲ್ಲಿ ಆರೋಗ್ಯ ಸಚಿವಾಲಯದ ತಜ್ಞರ ತಂಡ ಸಾವಯವ ಪಾದರಸವೇ ಕಾರಣವೆಂದು ವರದಿ ಕೊಟ್ಟಿತು. ಬೆನ್ನಲ್ಲೇ ತಂಡವನ್ನೇ ವಿಸರ್ಜಿಸಲಾಯಿತು. ಡಿಸೆಂಬರ್‌ನಲ್ಲಿ ಕಾರ್ಖಾನೆ ಹೊಸ ಶುದ್ಧೀಕರಣ ಯಂತ್ರವನ್ನು ಸಮಾರಂಭ ಮಾಡಿ ಚಾಲನೆಗೊಳಿಸಿತು. ಕಂಪನಿಯ ಅಧ್ಯಕ್ಷರು ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದರು. ಆ ಯಂತ್ರ ಮೀಥೈಲ್ ಪಾದರಸವನ್ನು ತೆಗೆಯಲು ಮಾಡಿದ್ದಲ್ಲ ಎಂಬುದು ಆಮೇಲೆ ಬಯಲಾಯಿತು.

ಒಂದು ಮತ್ತೊಂದಾಗುವುದು ಕೊಲ್ಲಿಯ ಕೆಸರಿನಲ್ಲೇ ಇರಬಹುದೆ? ಈ ಸಂದೇಹ ನಿರಾಧಾರವೇನೂ ಆಗಿರಲಿಲ್ಲ. ಅದನ್ನು ಅರ್ಥಮಾಡಿಕೊಳ್ಳಲು ಕೆಸರಿನೊಳಗೆ ಇಣುಕಬೇಕು.

ಕತ್ತಲೆಯ ನಿವಾಸಿಗಳು

ಇಳಿತದ ವೇಳೆ ಬಂದರಿನ ಧಕ್ಕೆಯ ಬಳಿ ನಿಂತವರಿಗೆ ಕೊಳೆತ ಮೊಟ್ಟೆಯ ವಾಸನೆ ಪರಿಚಿತ. ಆ ವಾಸನೆ ಬ್ಯಾಕ್ಟೀರಿಯಾಗಳ ಉಸಿರಾಟದ ಗುರುತು. ಬಂದರಿನ ನೀರು ಅಲೆಯಿಲ್ಲದೆ ನಿಂತಿರುವುದರಿಂದ ಹೊಳೆ ತಂದ ಮಣ್ಣು, ಸತ್ತ ಪಾಚಿ, ಊರಿನ ಕೊಳಚೆ, ಹಡಗಿನ ಎಣ್ಣೆ ಎಲ್ಲವೂ ತಳಕ್ಕಿಳಿದು ಹೂಳಾಗುತ್ತವೆ. ಈ ಹೂಳಿನ ಒಂದೊಂದು ಗ್ರಾಂನಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ.

ಮೇಲಿನ ಕೆಲವೇ ಮಿಲಿಮೀಟರಿನವರೆಗೆ ಆಮ್ಲಜನಕ ಇರುತ್ತದೆ. ಅಲ್ಲಿರುವ ಜೀವಿಗಳು ಅದನ್ನು ಬಳಸಿ ಮುಗಿಸುವುದರಿಂದ ಕೆಳಗೆ ಅದು ತಲುಪುವುದೇ ಇಲ್ಲ. ಆದರೂ ಕೆಳಗಿನವರು ಬದುಕಬೇಕಲ್ಲ? ಆಹಾರದಿಂದ ಶಕ್ತಿ ಪಡೆಯಬೇಕಾದರೆ ಅದರಿಂದ ಬಿಡಿಸಿಕೊಂಡ ಇಲೆಕ್ಟ್ರಾನುಗಳನ್ನು ಯಾವುದಾದರೂ ವಸ್ತುವಿಗೆ ಒಪ್ಪಿಸಬೇಕು. ನಾವು ಅದನ್ನು ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಕೆಸರಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ನೈಟ್ರೇಟಿಗೆ, ಕೆಲವು ಕಬ್ಬಿಣದ ತುಕ್ಕಿಗೆ, ಇನ್ನು ಕೆಲವು ಸಲ್ಫೇಟಿಗೆ ಒಪ್ಪಿಸುತ್ತವೆ. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ ಕಡಲ ಕೆಸರಿನಲ್ಲಿ ಈ ಮೂರನೆಯವರದೇ ದೊಡ್ಡ ಸಂಸಾರ. ಸಲ್ಫೇಟನ್ನು ಉಸಿರಾಡಿ ಇವು ಬಿಡುವುದೇ ಕೊಳೆತ ಮೊಟ್ಟೆಯ ವಾಸನೆಯ ಜಲಜನಕದ ಸಲ್ಫೈಡ್ ಅನಿಲ. ಅದು ಕಬ್ಬಿಣದೊಡನೆ ಸೇರಿದಾಗ ಕೆಸರು ಮಸಿಯಂತೆ ಕಪ್ಪಾಗುತ್ತದೆ.

ಪಾದರಸದಂಥ ಲೋಹ ಬಂದು ಬೀಳುವುದು ಈ ಲೋಕಕ್ಕೆ. ಅದರಲ್ಲಿ ಬಹುಭಾಗ ಸಲ್ಫೈಡಿನೊಡನೆ ಕೂಡಿ, ನಮ್ಮಲ್ಲಿ ಇಂಗಳೀಕವೆಂದು ಕರೆಯುವ ಖನಿಜದ ರೂಪದಲ್ಲಿ ಗಟ್ಟಿಯಾಗುತ್ತದೆ. ಹಾಗೆ ಕಟ್ಟಿಹಾಕಿದ ಪಾದರಸ ಸುಲಭವಾಗಿ ಅಲುಗಾಡುವುದಿಲ್ಲ. ಉಳಿದ ಸ್ವಲ್ಪ ಪಾದರಸ ಮಾತ್ರ ಬ್ಯಾಕ್ಟೀರಿಯಾಗಳ ಒಳಹೊಗುತ್ತದೆ. ಮುಂದಿನ ಕಥೆ ಆ ಸ್ವಲ್ಪದ್ದು.

ಸ್ವೀಡನ್ನಿನ ಉತ್ತರ

ಕೆಸರಿನ ಗುಟ್ಟು ಹೊರಬಿದ್ದದ್ದು ಜಪಾನಿನಲ್ಲಲ್ಲ, ಸ್ವೀಡನ್ನಿನಲ್ಲಿ. 1960ರ ದಶಕದಲ್ಲಿ ಅಲ್ಲಿಯ ಸರೋವರಗಳ ಮೀನುಗಳಲ್ಲಿ ಪಾದರಸ ಕಂಡಿತು. ಕಾಗದದ ತಿರುಳಿನ ಕಾರ್ಖಾನೆಗಳು, ಕ್ಲೋರಿನ್ ಕಾರ್ಖಾನೆಗಳು ಅದನ್ನು ನೀರಿಗೆ ಬಿಡುತ್ತಿದ್ದವು. ಅವು ಬಿಟ್ಟದ್ದು ಬೇರೆ ಬೇರೆ ರೂಪದ ಪಾದರಸ, ಮೀನಿನಲ್ಲಿ ಸಿಕ್ಕಿದ್ದು ಬಹುಪಾಲು ಮೀಥೈಲ್ ಪಾದರಸ. ಸೋರೆನ್ ಯೆನ್ಸೆನ್ ಮತ್ತು ಆರ್ನೆ ಯೆರ್ನೆಲೋವ್ ಎಂಬ ವಿಜ್ಞಾನಿಗಳು ಅಕ್ವೇರಿಯಂ ತಳದ ಕೆಸರಿಗೆ ಅಜೈವಿಕ ಪಾದರಸ ಬೆರೆಸಿ ಕಾದರು. ಕೆಲವು ದಿನಗಳಲ್ಲಿ ಮೀಥೈಲ್ ಪಾದರಸ ಹುಟ್ಟಿತು. ತಳದ ಕೆಸರಿನ ಜೀವಿಗಳೇ ಈ ಪರಿವರ್ತನೆ ಮಾಡಬಲ್ಲವು ಎಂದು 1969ರಲ್ಲಿ ಅವರು ಪ್ರಕಟಿಸಿದರು.

ಯಾವ ಜೀವಿ ಎಂಬುದು ಗೊತ್ತಾಗಲು 1985ರವರೆಗೆ ಕಾಯಬೇಕಾಯಿತು. ಅಮೆರಿಕದ ಕಾಂಪೊ ಮತ್ತು ಬಾರ್ತಾ ಎಂಬ ಸಂಶೋಧಕರು ಅಳಿವೆಯ ಕೆಸರಿನ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಮಾಲಿಬ್ಡೇಟ್ ಎಂಬ ಲವಣ ಆಕಾರದಲ್ಲಿ ಸಲ್ಫೇಟನ್ನು ಹೋಲುತ್ತದೆ. ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಮೋಸಹೋಗಿ ಅದನ್ನು ಒಳಗೆ ತೆಗೆದುಕೊಂಡರೆ, ಬೀಗದಲ್ಲಿ ನಕಲಿ ಕೀಲಿ ಸಿಕ್ಕಿಕೊಂಡಂತೆ ಅದರ ಕೆಲಸ ನಿಂತುಹೋಗುತ್ತದೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಏನೂ ಆಗುವುದಿಲ್ಲ. ಕೆಸರಿಗೆ ಮಾಲಿಬ್ಡೇಟ್ ಹಾಕಿದಾಗ ಮೀಥೈಲ್ ಪಾದರಸದ ಉತ್ಪತ್ತಿ ಶೇಕಡಾ 95ಕ್ಕೂ ಹೆಚ್ಚು ಇಳಿಯಿತು. ಬಂದರಿನ ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದವರೇ ಈ ಕೆಲಸದ ಮುಖ್ಯಸ್ಥರೂ ಆಗಿದ್ದರು. ಕಬ್ಬಿಣ ಉಸಿರಾಡುವ ಕೆಲವು ಬ್ಯಾಕ್ಟೀರಿಯಾಗಳೂ ಮೀಥೇನ್ ಹುಟ್ಟಿಸುವ ಕೆಲವು ಸೂಕ್ಷ್ಮಜೀವಿಗಳೂ ಇದನ್ನು ಮಾಡಬಲ್ಲವು ಎಂದು ಮುಂದೆ ತಿಳಿಯಿತು. 2013ರಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ನೇತೃತ್ವದ ತಂಡ ಇದಕ್ಕೆ ಬೇಕಾದ ಎರಡು ವಂಶವಾಹಿಗಳನ್ನು ಗುರುತಿಸಿತು. ಒಂದನ್ನು ಕಿತ್ತರೂ ಬ್ಯಾಕ್ಟೀರಿಯಾ ಬದುಕುತ್ತದೆ, ಆದರೆ ಮೀಥೈಲ್ ಪಾದರಸ ಮಾಡಲಾರದು.

ಹೊಕ್ಕುಳಬಳ್ಳಿಯ ಸಾಕ್ಷಿ

ಹಾಗಾದರೆ ಮಿನಮಾಟಾದಲ್ಲೂ ಅಪರಾಧಿ ಕೆಸರೇ? ಇಲ್ಲ. ಇದನ್ನು ತೋರಿಸಿಕೊಟ್ಟದ್ದು ಮೂರು ಸಾಕ್ಷಿಗಳು.

ಮೊದಲನೆಯದು ಒಂದು ಬೆಕ್ಕು. ರೋಗವನ್ನು ಮೊದಲು ವರದಿ ಮಾಡಿದ ಹೊಸೊಕಾವಾ ಅವರು 1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯಲ್ಲೇ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದ್ದರು. 400ನೆಯ ಸಂಖ್ಯೆಯ ಬೆಕ್ಕಿಗೆ ಅಸಿಟಾಲ್ಡಿಹೈಡ್ ಘಟಕದ ತ್ಯಾಜ್ಯವನ್ನು ನೇರವಾಗಿ ಆಹಾರದಲ್ಲಿ ಬೆರೆಸಿ ಕೊಟ್ಟರು. ಆ ತ್ಯಾಜ್ಯ ಕೊಲ್ಲಿಯನ್ನು ಕಂಡಿರಲಿಲ್ಲ, ಕೆಸರನ್ನು ಮುಟ್ಟಿರಲಿಲ್ಲ. ಆದರೂ ಅಕ್ಟೋಬರ್‌ನಲ್ಲಿ ಬೆಕ್ಕು ಕುಣಿಯಿತು. ಕಂಪನಿ ಈ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಹನ್ನೊಂದು ವರ್ಷಗಳ ನಂತರ, 1970ರಲ್ಲಿ, ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಹೊಸೊಕಾವಾ ಮಲಗಿದಲ್ಲಿಂದಲೇ ನ್ಯಾಯಾಲಯಕ್ಕೆ ಇದನ್ನು ಹೇಳಿದರು. ಅದೇ ವರ್ಷ ಅವರು ತೀರಿಕೊಂಡರು.

ಎರಡನೆಯದು ಒಂದು ಬಾಟಲಿ. ಕುಮಾಮೊಟೊ ವಿಶ್ವವಿದ್ಯಾನಿಲಯದ ಕತ್ಸುರೊ ಇರುಕಾಯಾಮಾ ಅವರ ಬಳಿ ಕಾರ್ಖಾನೆಯ ಅಸಿಟಾಲ್ಡಿಹೈಡ್ ಘಟಕದೊಳಗಿನ ಗಸಿಯ ಮಾದರಿ ಇತ್ತು. 1962ರಲ್ಲಿ ಅದನ್ನು ವಿಶ್ಲೇಷಿಸಿದಾಗ ಮೀಥೈಲ್ ಪಾದರಸ ಸಿಕ್ಕಿತು. ಅಂದರೆ ವಿಷ ತಯಾರಾಗುತ್ತಿದ್ದುದು ಕಾರ್ಖಾನೆಯ ಪಾತ್ರೆಗಳಲ್ಲೇ. ಅದು ತಯಾರಾದ ರೂಪದಲ್ಲೇ ಕಡಲಿಗೆ ಹೋಗುತ್ತಿತ್ತು. 1951ರಲ್ಲಿ ವೇಗವರ್ಧಕದ ಜೊತೆಗೆ ಬಳಸುವ ರಾಸಾಯನಿಕವನ್ನು ಕಂಪನಿ ಬದಲಾಯಿಸಿದ ಮೇಲೆ ಈ ಉಪಉತ್ಪನ್ನ ಹೆಚ್ಚಿತೆಂದೂ ಮುಂದೆ ಗೊತ್ತಾಯಿತು.

ಮೂರನೆಯ ಸಾಕ್ಷಿ ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ, ಮನೆಗಳಲ್ಲಿ. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ಒಂದು ತುಂಡನ್ನು ಒಣಗಿಸಿ, ಪುಟ್ಟ ಮರದ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು ಜಪಾನಿನ ಹಳೆಯ ಪದ್ಧತಿ. ತಾಯಿ ಮಗುವಿನ ನಂಟಿನ ಗುರುತು ಅದು. ಮಿನಮಾಟಾದ ತಾಯಂದಿರೂ ಇದನ್ನು ಬಿಟ್ಟಿರಲಿಲ್ಲ. ತಾಯಿ ಆರೋಗ್ಯವಾಗಿ ಕಂಡರೂ ಹುಟ್ಟಿನಿಂದಲೇ ರೋಗ ಹೊತ್ತು ಬಂದ ಮಕ್ಕಳನ್ನು ವರ್ಷಗಟ್ಟಲೆ ನೋಡಿದ ವೈದ್ಯ ಮಸಜುಮಿ ಹರಾದ ಅವರಿಗೆ ಆ ಪೆಟ್ಟಿಗೆಗಳ ನೆನಪಾಯಿತು. ಬೇರೆ ಬೇರೆ ವರ್ಷ ಹುಟ್ಟಿದವರ ಬಳ್ಳಿಯ ತುಣುಕುಗಳನ್ನು ಕೇಳಿ ಪಡೆದು, ಅವುಗಳಲ್ಲಿನ ಮೀಥೈಲ್ ಪಾದರಸವನ್ನು ಅಳೆಸಿದರು. ನಿಶಿಗಾಕಿ ಅವರೊಡನೆ 1975ರಲ್ಲಿ ಇದನ್ನು ಪ್ರಕಟಿಸಿದರು. ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡ್ ಉತ್ಪಾದನೆ ಏರಿದ ವರ್ಷಗಳಲ್ಲಿ ಬಳ್ಳಿಯ ಪಾದರಸವೂ ಏರಿತ್ತು, ಅದು ಇಳಿದಂತೆ ಇದೂ ಇಳಿದಿತ್ತು.

ಈ ಸಾಕ್ಷ್ಯ ಏಕೆ ಮುಖ್ಯ? ಕೆಸರಿನ ಬ್ಯಾಕ್ಟೀರಿಯಾಗಳೇ ಮುಖ್ಯ ಕಾರಣವಾಗಿದ್ದರೆ ಕಾರ್ಖಾನೆ ನಿಂತ ಮೇಲೂ, ಪಾದರಸ ತುಂಬಿದ ಕೆಸರು ಇರುವಷ್ಟು ಕಾಲ, ವಿಷ ಅದೇ ಪ್ರಮಾಣದಲ್ಲಿ ಹುಟ್ಟುತ್ತಲೇ ಇರಬೇಕಿತ್ತು. ಹಾಗಾಗಲಿಲ್ಲ. ಬ್ಯಾಕ್ಟೀರಿಯಾಗಳ ಪಾಲು ಇರಲಿಲ್ಲವೆಂದಲ್ಲ, ಕಾರ್ಖಾನೆಯದರ ಮುಂದೆ ಅದು ಚಿಕ್ಕದಾಗಿತ್ತು. ಅಸಿಟಾಲ್ಡಿಹೈಡ್ ಉತ್ಪಾದನೆ ನಿಂತದ್ದು 1968ರ ಮೇ ತಿಂಗಳಲ್ಲಿ. ಸರಕಾರ ಕಾರ್ಖಾನೆಯೇ ಕಾರಣವೆಂದು ಅಧಿಕೃತವಾಗಿ ಒಪ್ಪಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಕಂಪನಿಯನ್ನು ಹೊಣೆಯಾಗಿಸಿದ್ದು 1973ರ ಮಾರ್ಚ್ 20ರಂದು. ರೋಗ ಪತ್ತೆಯಾಗಿ ಆಗಲೇ ಸುಮಾರು ಹದಿನೇಳು ವರ್ಷ ಕಳೆದಿತ್ತು. ಅಧಿಕೃತವಾಗಿ ರೋಗಿಗಳೆಂದು ಮಾನ್ಯರಾದವರು ಎರಡು ಸಾವಿರಕ್ಕೂ ಹೆಚ್ಚು. ಮಾನ್ಯತೆ ಸಿಗದೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು.

ವಿಷ ಬಿಡಿಸುವವರೂ ಅಲ್ಲೇ

ಕೊಲ್ಲಿಯ ಕೆಸರಿನಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳೂ ಇದ್ದವು. ಪಾದರಸ ಬ್ಯಾಕ್ಟೀರಿಯಾಗಳಿಗೂ ವಿಷವೇ. ವರ್ಷಗಟ್ಟಲೆ ಅದರಲ್ಲೇ ಮುಳುಗಿದ್ದ ಕೆಸರಿನಲ್ಲಿ ಬದುಕಬೇಕಾದರೆ ಅದನ್ನು ನಿವಾರಿಸುವ ವಿದ್ಯೆ ಬೇಕು. ಮಿನಮಾಟಾದಲ್ಲಿ ಕೆಲಸ ಮಾಡಿದ ಜಪಾನಿ ವಿಜ್ಞಾನಿಗಳು ಕೊಲ್ಲಿಯ ಕೆಸರಿನಿಂದಲೇ ಅಂಥ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಇವುಗಳಲ್ಲಿ ಎರಡು ಕಿಣ್ವಗಳು ಒಂದರ ಹಿಂದೆ ಒಂದು ಕೆಲಸ ಮಾಡುತ್ತವೆ. ಮೊದಲನೆಯದು ಇಂಗಾಲ ಮತ್ತು ಪಾದರಸದ ನಡುವಣ ಬಂಧವನ್ನು ಕತ್ತರಿಸುತ್ತದೆ. ಎರಡನೆಯದು ಉಳಿದ ಪಾದರಸವನ್ನು ಥರ್ಮಾಮೀಟರಿನ ಪಾದರಸದ ರೂಪಕ್ಕೆ ತರುತ್ತದೆ. ಅದು ಆವಿಯಾಗಿ ಜೀವಕೋಶದಿಂದ ಹೊರಟುಹೋಗುತ್ತದೆ. ಈ ವಿದ್ಯೆಯನ್ನು ಹೊತ್ತ ವಂಶವಾಹಿಗಳು ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ಕೈ ಬದಲಾಗಬಲ್ಲವು. ಆದ್ದರಿಂದ ಮಲಿನ ಕೆಸರಿನಲ್ಲಿ ಅವು ಬೇಗ ಹರಡುತ್ತವೆ.

ಇದನ್ನು ಕೇಳಿದಾಗ ಪ್ರಕೃತಿ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುತ್ತದೆ ಎಂದು ಸಮಾಧಾನವಾಗಬಹುದು. ಆದರೆ ಪಾದರಸ ಒಂದು ಮೂಲವಸ್ತು. ಅದನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಒಂದು ಬ್ಯಾಕ್ಟೀರಿಯಾ ಹೊರಹಾಕಿದ ಆವಿ ಗಾಳಿ ಸೇರುತ್ತದೆ, ಬದಲಾಗಿ ಮಳೆಯೊಡನೆ ಮತ್ತೆಲ್ಲೋ ಇಳಿಯುತ್ತದೆ, ಅಲ್ಲಿಯ ಕೆಸರಿನಲ್ಲಿ ಇನ್ನೊಂದು ಬ್ಯಾಕ್ಟೀರಿಯಾದ ಕೈಗೆ ಸಿಗುತ್ತದೆ. ಕಟ್ಟುವವರು, ಬಿಡಿಸುವವರು ಇಬ್ಬರೂ ಅವರವರ ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದಾರೆ. ನಮ್ಮ ಹಿತ, ಅಹಿತ ಅವುಗಳ ಲೆಕ್ಕದಲ್ಲಿಲ್ಲ.

ಇನ್ನೊಂದು ದೇಶ, ಅದೇ ವಾದ

ಬ್ಯಾಕ್ಟೀರಿಯಾಗಳನ್ನು ಸಾಕ್ಷಿ ಕಟ್ಟೆಗೆ ಕರೆದ ಇನ್ನೊಂದು ಪ್ರಕರಣ ಅಮೆರಿಕದ್ದು. ಪಾದರಸದ ಸಂಶೋಧನೆಯಲ್ಲಿ ಬಂದ ಯೆನ್ಸೆನ್ ಅವರೇ 1966ರಲ್ಲಿ ಮತ್ತೊಂದು ವಿಷವನ್ನು ಮೀನು ಮತ್ತು ಹದ್ದುಗಳಲ್ಲಿ ಪತ್ತೆಹಚ್ಚಿದ್ದರು. ಅದು ಪಿಸಿಬಿ. ವಿದ್ಯುತ್ ಟ್ರಾನ್ಸ್‌ಫಾರ್ಮರ್, ಕೆಪ್ಯಾಸಿಟರುಗಳಲ್ಲಿ ತುಂಬುತ್ತಿದ್ದ ಎಣ್ಣೆಯಂಥ ದ್ರವ. ಜೋಡಿ ಉಂಗುರದಂತಿರುವ ಇದರ ಅಣುವಿಗೆ ಹತ್ತರವರೆಗೆ ಕ್ಲೋರಿನ್ ಪರಮಾಣುಗಳು ಅಂಟಿರಬಹುದು. ನ್ಯೂಯಾರ್ಕ್ ಬಂದರಿಗೆ ಬಂದು ಸೇರುವ ಹಡ್ಸನ್ ನದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಸುಮಾರು 590 ಟನ್ನುಗಳವರೆಗೆ ಪಿಸಿಬಿ ಹೋಯಿತೆಂದು ಅಂದಾಜು.

1987ರಲ್ಲಿ ಅದೇ ಕಂಪನಿಯ ವಿಜ್ಞಾನಿಗಳು ಒಂದು ಮಹತ್ವದ ಶೋಧ ಪ್ರಕಟಿಸಿದರು. ನದಿಯ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಪಿಸಿಬಿಯ ಕ್ಲೋರಿನ್‌ಗಳನ್ನು ಒಂದೊಂದಾಗಿ ಕೀಳುತ್ತಿವೆ ಎಂಬುದು ಅದರ ಸಾರ. ಶೋಧ ನಿಜವಾದದ್ದೇ. 2001ರಲ್ಲಿ ಬಾಲ್ಟಿಮೋರ್ ಬಂದರಿನ ಕೆಸರಿನಿಂದ ಬೆಳೆಸಿದ ಗುಂಪಿನಲ್ಲಿ ಅಂಥ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಲೂ ಸಾಧ್ಯವಾಯಿತು. ಅದು ಪಿಸಿಬಿಯನ್ನೇ ಉಸಿರಾಟಕ್ಕೆ ಬಳಸಿ ಬೆಳೆಯುತ್ತದೆ. ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ, ಹೂಳೆತ್ತುವ ಅಗತ್ಯವಿಲ್ಲ ಎಂದು ಕಂಪನಿ ವಾದಿಸಿತು.

ಆದರೆ ಬ್ಯಾಕ್ಟೀರಿಯಾ ಕೀಳುವುದು ತನಗೆ ಎಟಕುವ ಕೆಲವು ಕ್ಲೋರಿನ್‌ಗಳನ್ನು ಮಾತ್ರ. ಉಂಗುರಗಳು ಉಳಿಯುತ್ತವೆ. ಅವನ್ನು ಒಡೆಯಲು ಆಮ್ಲಜನಕ ಬೇಕು, ಆಮ್ಲಜನಕವಿರುವ ಜಾಗದ ಬೇರೆ ಬ್ಯಾಕ್ಟೀರಿಯಾಗಳು ಬೇಕು. ಆಳದ ಕೆಸರಿನಲ್ಲಿ ಅರ್ಧಕ್ಕೆ ನಿಂತ ಕೆಸಲ ಅರ್ಧಕ್ಕೇ ನಿಂತಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ವಾದವನ್ನು ಒಪ್ಪದೆ 2002ರಲ್ಲಿ ಹೂಳೆತ್ತಲು ಆದೇಶಿಸಿತು. 2009ರಿಂದ 2015ರವರೆಗೆ ಕಂಪನಿ ತನ್ನ ಖರ್ಚಿನಲ್ಲಿ ಹೂಳೆತ್ತಿತು. ಮಿನಮಾಟಾದಲ್ಲಿ ಒಂದು ರೂಪದ ಪಾದರಸ ಮತ್ತೊಂದಾದದ್ದು ಹೇಗೆ ಎಂಬ ಬಿಡಿಸದ ಒಗಟು ಹೊಣೆಯಿಂದ ತಪ್ಪಿಸಿಕೊಳ್ಳಲು ಗುರಾಣಿಯಾಯಿತು, ಹಡ್ಸನ್‌ನಲ್ಲಿ ಬಿಡಿಸಿದ ಒಗಟೇ ಗುರಾಣಿಯಾಯಿತು.

ಎತ್ತಬೇಕೆ, ಬಿಡಬೇಕೆ?

ಬಂದರು ಎಂದ ಮೇಲೆ ಹೂಳೆತ್ತದೆ ಗತಿಯಿಲ್ಲ. ನಮ್ಮ ಪಣಂಬೂರಿನ ಬಂದರಿನಲ್ಲೂ ಹಡಗಿನ ದಾರಿಯ ಆಳ ಉಳಿಸಿಕೊಳ್ಳಲು ಹೂಳೆತ್ತುತ್ತಲೇ ಇರಬೇಕು. ಕೆಸರು ಶುದ್ಧವಾಗಿದ್ದರೆ ಇದು ಬರೀ ಖರ್ಚಿನ ಪ್ರಶ್ನೆ. ಅದರಲ್ಲಿ ವಿಷವಿದ್ದರೆ ಲೆಕ್ಕವೇ ಬೇರೆ. ಕೆದಕಿದರೆ ತಳದಲ್ಲಿ ಕಟ್ಟಿಬಿದ್ದಿದ್ದ ಲೋಹ ನೀರಿಗೆ ಏಳುತ್ತದೆ. ಸಲ್ಫೈಡಿನೊಡನೆ ಗಟ್ಟಿಯಾಗಿದ್ದುದಕ್ಕೆ ಆಮ್ಲಜನಕ ತಾಗಿ ಬಿಡುಗಡೆಯಾಗಬಹುದು. ಕೆದಕದೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಒಳಗೊಳಗೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಮೀಥೈಲ್ ರೂಪಕ್ಕೆ ತರಬಹುದು.

ಮಿನಮಾಟಾದಲ್ಲಿ ಈ ಇಕ್ಕಟ್ಟು ಪ್ರತ್ಯಕ್ಷವಾಗಿಯೇ ಎದುರಾಯಿತು. ಹತ್ತು ಲಕ್ಷ ಭಾಗಕ್ಕೆ 25 ಭಾಗಕ್ಕಿಂತ ಹೆಚ್ಚು ಪಾದರಸವಿದ್ದ ಕೆಸರೇ ಸುಮಾರು 15 ಲಕ್ಷ ಘನ ಮೀಟರ್. 1977ರಲ್ಲಿ ಕೆಲಸ ಆರಂಭವಾದಾಗ, ಕೆದಕಿದ ಕೆಸರಿನಿಂದ ವಿಷ ಮತ್ತೆ ಹರಡೀತೆಂದು ಹೆದರಿದ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಕೆಲಸ ಕೆಲವು ವರ್ಷ ನಿಂತು ಮತ್ತೆ ನಡೆಯಿತು. ಕೊಲ್ಲಿಯ ಅತಿ ಮಲಿನವಾದ ಒಳಭಾಗಕ್ಕೆ ಉಕ್ಕಿನ ತಡೆಗೋಡೆ ಕಟ್ಟಿ, ಹೊರಭಾಗದ ಕೆಸರನ್ನು ಕಲಕದಂತೆ ಹೀರಿ ಅದರೊಳಗೆ ತುಂಬಿದರು. ಮೇಲೆ ಶುದ್ಧ ಮಣ್ಣು ಹಾಕಿ ಮುಚ್ಚಿದರು. 1990ರಲ್ಲಿ ಮುಗಿದ ಈ ಕೆಲಸಕ್ಕೆ ತಗುಲಿದ್ದು ಸುಮಾರು 4,850 ಕೋಟಿ ಯೆನ್. ಮಲಿನ ಮೀನು ಹೊರಹೋಗದಂತೆ 1974ರಲ್ಲಿ ಕೊಲ್ಲಿಯ ಬಾಯಿಗೆ ಕಟ್ಟಿದ್ದ ನಾಲ್ಕು ಕಿಲೋಮೀಟರಿಗೂ ಉದ್ದದ ಬಲೆಯನ್ನು ತೆಗೆದದ್ದು 1997ರಲ್ಲಿ, ಮೀನು ಈಗ ತಿನ್ನಲು ಯೋಗ್ಯವೆಂದು ಘೋಷಿಸಿದ ಮೇಲೆ. ಆ ಬಲೆಯೊಳಗೆ ಹಿಡಿದ ಮೀನುಗಳನ್ನು ಡ್ರಮ್ಮುಗಳಲ್ಲಿ ತುಂಬಿ ಅದೇ ನೆಲದಲ್ಲಿ ಹೂತಿದ್ದಾರೆ.

ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಈ ಊರಿನ ಹೆಸರನ್ನೇ ಇಟ್ಟರು. 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಕೆಸರಿಗೆ ಬಿದ್ದ ಮೇಲೆ ಪಾದರಸವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಪೂರ್ಣ ಉತ್ತರ ಇಲ್ಲವಾದ್ದರಿಂದ, ಅಲ್ಲಿಗೆ ಹೋಗದಂತೆ ಮೊದಲೇ ತಡೆಯುವುದು ಅದರ ಉದ್ದೇಶ.

ಮಿನಮಾಟಾದ ಬಯಲಿನಲ್ಲಿ ಇಂದು ಹುಲ್ಲು ಹಸಿರಾಗಿದೆ. ಕೆಳಗಿನ ಉಕ್ಕಿನ ಗೋಡೆಗೂ ಒಂದು ಆಯುಸ್ಸಿದೆ. ಅದನ್ನು ಆಗಾಗ ಪರೀಕ್ಷಿಸುತ್ತಿರಬೇಕು, ದುರಸ್ತಿ ಮಾಡುತ್ತಿರಬೇಕು. ಈ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೆ ವಹಿಸಿಬಿಡಲು ಬರುವುದಿಲ್ಲ. ಕಾರ್ಖಾನೆಯ ಅಸಿಟಾಲ್ಡಿಹೈಡ್ ಘಟಕ ನಡೆದದ್ದು ಮೂವತ್ತಾರು ವರ್ಷ. ಅದು ಬಿಟ್ಟುಹೋದದ್ದನ್ನು ಕಾಯುವ ಕೆಲಸ ಆಗಲೇ ಅದಕ್ಕಿಂತ ಹೆಚ್ಚು ವರ್ಷಗಳಿಂದ ನಡೆದಿದೆ.